ಜೋರಾಗಿ ಹೇಳು, ಮಗಳೇ

ಮಕ್ಕಳಿಗೆ ದೇವರ ಭಕ್ತಿಯನ್ನೂ ನಾಲ್ಕು ಜನರ ಮುಂದೆ ನಿಲ್ಲುವ ಧೈರ್ಯವನ್ನೂ ಮನೆಯಲ್ಲೇ ಕಲಿಸುತ್ತೇನೆ ಎಂದು ಯಾವ ಅಪ್ಪ ಹೊರಟರೂ ಅವನಿಗೆ ನಗೆಪಾಟಲು ತಪ್ಪಿದ್ದಲ್ಲ. ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಚರ್ಚಿನ ಅಪ್ಪಂದಿರೆಲ್ಲ ಅಂಗಳದಲ್ಲಿ ನಿಂತು ಹೇಳಿಕೊಳ್ಳುವುದು ಇಂಥ ಕಥೆಗಳನ್ನೇ. ಒಬ್ಬರ ಮನೆಯಲ್ಲಿ ಹಾಗಾದರೆ ಇನ್ನೊಬ್ಬರ ಮನೆಯಲ್ಲಿ ಹೀಗೆ. ಆದರೆ ನಮ್ಮ ಮನೆಯಲ್ಲಿ ಆದಷ್ಟು ಬೇರೆಲ್ಲೂ ಆಗಿಲ್ಲ ಅನ್ನುವುದು ನನಗೆ ಖಾತ್ರಿ, ಯಾಕೆಂದರೆ ನಾನು ಬಾಯಿ ತೆರೆದ ಮೇಲೆ ಉಳಿದವರು ತಮ್ಮ ಕಥೆ ಹೇಳುವುದನ್ನೇ ಬಿಡುತ್ತಾರೆ.

ನಾನು ಹುದಿಕೇರಿ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ರೈಟರ್ ಅಂದರೆ ಕಥೆ ಕಾದಂಬರಿ ಬರೆಯುವವನಲ್ಲ. ಬೆಳಿಗ್ಗೆ ಕೆಲಸದವರ ಹಾಜರಿ ಕೂಗಿ, ಯಾರು ಯಾವ ಕಡೆ ಹೋಗಬೇಕೆಂದು ಹೇಳಿ, ಸಂಜೆಯ ತನಕ ಅವರ ಹಿಂದೆ ಬಾಯಿ ಮಾಡಿಕೊಂಡು ಓಡಾಡುವವನು. ಹಾಗಾಗಿ ನನ್ನ ಗಂಟಲು ದೊಡ್ಡದು. ಈ ಗುಡ್ಡದಲ್ಲಿ ನಿಂತು ಆ ಗುಡ್ಡದವನನ್ನು ಆರಾಮಾಗಿ ಬೈಯಬಲ್ಲೆ. ನಮ್ಮಪ್ಪ ಮಂಗಳೂರು ಕಡೆಯಿಂದ ಬಂದ ಕೊಂಕಣಿ ಮಾತಿನವರು, ಹೆಂಡತಿ ವಯನಾಡಿನ ಮಲಯಾಳಿ, ಆದ್ದರಿಂದ ಮನೆಯಲ್ಲಿ ಜಗಳ, ಪ್ರಾರ್ಥನೆ ಎರಡೂ ಕನ್ನಡದಲ್ಲೇ ಆಗಬೇಕು. ನಮ್ಮ ಅತ್ತೆಯೂ ಜೊತೆಗಿದ್ದಾರೆ. ಮಕ್ಕಳು ಅಮ್ಮಚ್ಚಿ ಅನ್ನುತ್ತಾರೆ, ಕೇಳಿ ಕೇಳಿ ನಾನೂ ಹಾಗೇ ಕರೆಯುತ್ತೇನೆ.

ಮಕ್ಕಳು ಇಬ್ಬರು. ಮಗ ಎರಡನೇ ಕ್ಲಾಸು, ಗಂಟಲು ನನ್ನದೇ. ಮಗಳು ಐದನೇ ಕ್ಲಾಸು. ಅವಳಿಗೆ ಮಾತು ಬರುವುದಿಲ್ಲ ಅಂತಲ್ಲ, ಹೊರಗೆ ಬರುವುದಿಲ್ಲ ಅಷ್ಟೆ. ಮನೆಯಲ್ಲೂ ಏನಾದರೂ ಹೇಳಬೇಕಾದರೆ ತಮ್ಮನ ಕಿವಿಯಲ್ಲಿ ಪಿಸುಗುಟ್ಟುತ್ತಾಳೆ, ಅವನು ವಕೀಲನ ಹಾಗೆ ಎದ್ದು ನಿಂತು ಅವಳ ಪರವಾಗಿ ಹೇಳುತ್ತಾನೆ. ಹೋದ ವರ್ಷ ಶಾಲೆಯ ಸಮಾರಂಭದಲ್ಲಿ ಸ್ವಾಗತ ಹೇಳಲು ಅವಳನ್ನು ನಿಲ್ಲಿಸಿದ್ದರು. ಮೈಕ್ ಹಿಡಿದು ಸುಮ್ಮನೆ ನಿಂತಳು, ಆಮೇಲೆ ಅತ್ತಳು, ಆಮೇಲೆ ಯಾರೋ ಕೈ ಹಿಡಿದು ಕರೆದುಕೊಂಡು ಹೋದರು. ಮನೆಗೆ ಬಂದು ದಿಂಬಿನಲ್ಲಿ ಮುಖ ಹುದುಗಿಸಿಕೊಂಡು, "ಇನ್ನು ಯಾವತ್ತೂ ನನ್ನನ್ನು ಯಾರೂ ಮುಂದೆ ಕರೀಬಾರದು ಅಂತ ದೇವರ ಹತ್ರ ಕೇಳಿ ಪಪ್ಪಾ" ಅಂದಳು. ಎಲ್ಲವನ್ನೂ ದೇವರ ಹತ್ತಿರ ಕೇಳು ಅಂತ ಕಲಿಸಿದವನು ನಾನೇ, ಇದನ್ನು ಮಾತ್ರ ಹೇಗೆ ಕೇಳಲಿ?

ಈ ಸಲ ಜೂನ್ ತಿಂಗಳಲ್ಲಿ ಧರ್ಮೋಪದೇಶ ಕಲಿಸುವ ಸಿಸ್ಟರ್ ನನ್ನನ್ನು ಕರೆದರು. "ಜನವರಿಯ ಚರ್ಚ್ ಹಬ್ಬಕ್ಕೆ ವಿಶ್ವಾಸಿಗಳ ಪ್ರಾರ್ಥನೆಯನ್ನು ಮಕ್ಕಳೇ ಹೇಳಬೇಕು ಅಂತ ಫಾದರ್ ಹೇಳಿದ್ದಾರೆ. ನಿಮ್ಮ ಮಗಳನ್ನೂ ಸೇರಿಸಿದ್ದೇನೆ. ಇನ್ನೂ ಸಮಯ ಇದೆ, ಮನೆಯಲ್ಲಿ ಸ್ವಲ್ಪ ಧೈರ್ಯ ತುಂಬಿ." ವಿಶ್ವಾಸಿಗಳ ಪ್ರಾರ್ಥನೆ ಅಂದರೆ ಪೂಜೆಯ ನಡುವೆ ಒಬ್ಬೊಬ್ಬರಾಗಿ ಮುಂದೆ ಬಂದು ಒಂದೊಂದು ಬೇಡಿಕೆ ಹೇಳುವುದು. ಪ್ರತಿಯೊಂದು ಬೇಡಿಕೆಯ ಕೊನೆಗೂ ಇಡೀ ಚರ್ಚು "ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ" ಅನ್ನುತ್ತದೆ.

"ನನಗೆ ಬಿಡಿ ಸಿಸ್ಟರ್" ಅಂದೆ.

ಪಕ್ಕದಲ್ಲಿದ್ದ ನನ್ನ ಹೆಂಡತಿ ಸಿಸ್ಟರ್‌ಗೆ ಹೇಳಿದಳು, "ಇವರಿಗೆ ಬಿಟ್ಟರೆ ನೀವು ಬೇರೆ ಮಗುವನ್ನೂ ಒಂದು ತಯಾರು ಮಾಡಿಟ್ಟುಕೊಳ್ಳಿ."

ನೋಹನ ಮಳೆ

ಧೈರ್ಯಕ್ಕೆ ತಳಪಾಯ ಬೈಬಲಿನ ಕಥೆಗಳು ಅನ್ನುವುದು ನನ್ನ ಸಿದ್ಧಾಂತ. ಜುಲೈಯಲ್ಲಿ ಶಾಲೆಗೆ ಮಳೆ ರಜೆ ಕೊಟ್ಟಿದ್ದರು. ಎಸ್ಟೇಟಿನ ಕ್ವಾರ್ಟರ್ಸಿನಲ್ಲಿ ಒಲೆಯ ಸುತ್ತ ಎಲ್ಲರನ್ನೂ ಕೂರಿಸಿಕೊಂಡು ನೋಹನ ಕಥೆ ಶುರು ಮಾಡಿದೆ. ಹೊರಗೆ ಮಳೆ, ಒಳಗೆ ನನ್ನ ಗಂಟಲು, ಇನ್ನೇನು ಬೇಕು. "ಆಕಾಶದ ತೂಬು ತೆರೆಯಿತು. ನಲವತ್ತು ಹಗಲು, ನಲವತ್ತು ರಾತ್ರಿ, ಬಿಡದೆ ಮಳೆ ಸುರಿಯಿತು" ಎಂದು ಹೇಳಿ, ಮಕ್ಕಳು ಹೆದರಲಿ ಅಂತ ಸ್ವಲ್ಪ ನಿಲ್ಲಿಸಿದೆ.

ಮಗ ನನ್ನ ಮುಖ ನೋಡುತ್ತಾ ಕೂತಿದ್ದ. "ಆಮೇಲೆ?"

"ಆಮೇಲೆ ಎಂಥದ್ದು, ಅದೇ. ನಲವತ್ತು ದಿನ ಮಳೆ."

"ಬರೀ ನಲವತ್ತು ದಿನವಾ? ನಮ್ಮಲ್ಲಿ ಶಾಲೆ ಶುರುವಾದಾಗ ಹಿಡಿದದ್ದು ಇನ್ನೂ ಬಿಟ್ಟಿಲ್ಲ. ಅಷ್ಟಕ್ಕೆ ಹಡಗು ಯಾಕೆ ಕಟ್ಟಿದ? ಕೊಡೆ ಇರಲಿಲ್ವಾ?"

ದೇವರ ಕೋಪವನ್ನು ಕೊಡೆಯಿಂದ ತಡೆಯುವ ಮಗನಿಗೆ ಏನು ಹೇಳುವುದೆಂದು ನಾನು ಯೋಚಿಸುತ್ತಿರುವಾಗಲೇ ಅಮ್ಮಚ್ಚಿ ಸಹಾಯಕ್ಕೆ ಬಂದರು. "ಆ ಊರಲ್ಲಿ ಚರಂಡಿ ಸರಿ ಇರಲಿಲ್ಲ ಮೋನೇ. ಪಂಚಾಯ್ತಿ ಎಲ್ಲಾ ಕಡೆ ಒಂದೇ."

ಅಷ್ಟರಲ್ಲಿ ಮಗಳು ತಮ್ಮನ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ವಕೀಲ ಎದ್ದು ನಿಂತ. "ನೋಹನ ಹೆಂಡತಿ ಅಷ್ಟು ದಿನ ಬಟ್ಟೆ ಎಲ್ಲಿ ಒಣಗಿಸಿದ್ಲು ಅಂತ ಅಕ್ಕ ಕೇಳ್ತಿದ್ದಾಳೆ."

ಬೈಬಲಿನಲ್ಲಿ ಬಟ್ಟೆಯ ವಿಷಯ ಬರುವುದಿಲ್ಲ ಎಂದು ನಾನು ಗದರುವುದರಲ್ಲಿದ್ದೆ. ಹೆಂಡತಿ ಸೌಟು ಹಿಡಿದುಕೊಂಡು ಮುಂದೆ ಬಂದಳು. ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಮಕ್ಕಳ ಯೂನಿಫಾರ್ಮು, ನನ್ನ ಪ್ಯಾಂಟು, ಅಮ್ಮಚ್ಚಿಯ ಮುಂಡು ಎಲ್ಲ ವಾರದಿಂದ ನೇತಾಡುತ್ತಿದ್ದವು, ಹೊಗೆ ಕುಡಿದಿದ್ದವು, ಒಣಗಿರಲಿಲ್ಲ. "ಇದೊಂದು ಸರಿಯಾದ ಪ್ರಶ್ನೆ. ಇದಕ್ಕೆ ಉತ್ತರ ಹೇಳಿ ಮುಂದಿನ ಕಥೆ ಹೇಳಿ" ಅಂದಳು.

ಫಾದರ್ ಹತ್ತಿರ ಕೇಳಿ ಹೇಳುತ್ತೇನೆ ಎಂದು ತಪ್ಪಿಸಿಕೊಂಡೆ. ಭಾನುವಾರ ಕೇಳಿಯೂ ಕೇಳಿದೆ. ಫಾದರ್ ತಲೆ ಕೆರೆದುಕೊಂಡರು. "ಸೆಮಿನರಿಯಲ್ಲಿ ಅಷ್ಟು ವರ್ಷ ಓದಿದೆ, ಇದನ್ನು ಯಾರೂ ಕೇಳಲಿಲ್ಲ. ನಿಮ್ಮ ಮಗಳಿಗೆ ಉತ್ತರ ಗೊತ್ತಾದರೆ ನನಗೂ ಹೇಳಲಿಕ್ಕೆ ಹೇಳಿ. ನನ್ನ ನಿಲುವಂಗಿ ಮೂರು ದಿನದಿಂದ ಒಣಗಿಲ್ಲ."

ಆನೆ

ಮಳೆ ಕಡಿಮೆಯಾಯಿತು. ಕಥೆ ಸಾಕು, ಇನ್ನು ಗಂಟಲಿಗೇ ಕೆಲಸ ಕೊಡೋಣ ಎಂದುಕೊಂಡು ಒಂದು ಶನಿವಾರ ಮಧ್ಯಾಹ್ನ ಮಗಳನ್ನು ತೋಟಕ್ಕೆ ಕರೆದುಕೊಂಡು ಹೋದೆ. ಕೆರೆಯ ಹತ್ತಿರ ಒಂದು ಕಲ್ಲಿನ ಮೇಲೆ ಅವಳನ್ನು ನಿಲ್ಲಿಸಿದೆ. "ಈ ಕಾಫಿ ಗಿಡಗಳೇ ಚರ್ಚಿಗೆ ಬಂದ ಜನ ಅಂದುಕೋ. ನಾನು ಮೇಲೆ ನಿಂತಿರ್ತೇನೆ. ನನಗೆ ಕೇಳುವ ಹಾಗೆ ಒಂದು ಪ್ರಾರ್ಥನೆ ಹೇಳು" ಎಂದು ಹೇಳಿ ಗುಡ್ಡ ಹತ್ತಿದೆ.

ಮೇಲಿನಿಂದ ನೋಡಿದರೆ ತುಟಿ ಆಡುತ್ತಿರುವುದು ಕಾಣುತ್ತಿದೆ, ಸದ್ದಿಲ್ಲ.

"ಕೇಳ್ತಾ ಇಲ್ಲ ಮಗಳೇ, ಜೋರಾಗಿ ಹೇಳು" ಎಂದು ಕೂಗಿದೆ. ಮತ್ತೆ ತುಟಿ ಆಡಿತು. "ಇನ್ನೂ ಜೋರಾಗಿ" ಎಂದೆ. ಅವಳದು ಏರಲಿಲ್ಲ, ನನ್ನದು ಮಾತ್ರ ಏರುತ್ತಾ ಹೋಯಿತು. ಕೊನೆಕೊನೆಗೆ ನನ್ನ ಕೂಗು ಆ ಕಡೆಯ ಗುಡ್ಡಕ್ಕೆ ಬಡಿದು ನನಗೇ ವಾಪಸು ಬರುತ್ತಿತ್ತು.

ನಮ್ಮ ಕಡೆ ತೋಟದೊಳಗಿಂದ ಯಾರಾದರೂ ಹಾಗೆ ಗಂಟಲು ಹರಿಯುವಂತೆ ಕೂಗಿದರೆ ಅದಕ್ಕೆ ಒಂದೇ ಅರ್ಥ, ಆನೆ ಬಂದಿದೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಆದರೆ ಮಗಳಿಗೆ ಧೈರ್ಯ ತುಂಬುವ ಭರದಲ್ಲಿ ಮರೆತೇ ಹೋಗಿತ್ತು. ಕೆಳಗೆ ಕಳೆ ತೆಗೆಯುತ್ತಿದ್ದ ಕೆಲಸದವರು ಕತ್ತಿ ಬಿಸಾಡಿ ತಾವಿರುವ ಲೈನ್ ಮನೆಗಳ ಕಡೆ ಓಡಿದರು. ಲೈನಿನವರು ಪಟಾಕಿ ಹಚ್ಚಿದರು. ಆ ಸದ್ದು ಕೇಳಿ ಪಕ್ಕದ ಎಸ್ಟೇಟಿನವರೂ ಪಟಾಕಿ ಹಚ್ಚಿದರು. ಯಾರೋ ಅರಣ್ಯ ಇಲಾಖೆಗೆ ಫೋನ್ ಮಾಡಿದರು.

ಇನ್ನು ನನ್ನ ಬುದ್ಧಿ ನೋಡಿ. ನಾಲ್ಕೂ ಕಡೆ ಪಟಾಕಿ ಸದ್ದು ಕೇಳಿದ ಕೂಡಲೇ ನಿಜವಾಗಿಯೂ ಆನೆ ಬಂತೆಂದು ನಾನೇ ನಂಬಿದೆ. ಗುಡ್ಡ ಇಳಿದು, ಮಗಳನ್ನು ಹೆಗಲ ಮೇಲೆ ಹಾಕಿಕೊಂಡು, ಚಪ್ಪಲಿ ಕೆರೆಯ ಹತ್ತಿರವೇ ಬಿಟ್ಟು ರಸ್ತೆಗೆ ಓಡಿಬಂದೆ. ಅಲ್ಲಿ ಜಾತ್ರೆಯಷ್ಟು ಜನ. ಹತ್ತಿರದಲ್ಲೇ ಗಸ್ತಿನಲ್ಲಿದ್ದ ಇಲಾಖೆಯವರ ಜೀಪೂ ಬಂದು ನಿಂತಿದೆ. ನಮ್ಮ ಎಸ್ಟೇಟಿನ ಸಾವ್ಕಾರ್ರು, ಅವರು ಕೊಡವರು, ವಯಸ್ಸಾದವರು, ಮಧ್ಯಾಹ್ನದ ನಿದ್ದೆಯಿಂದ ಎದ್ದು ಬಂದು ನಿಂತಿದ್ದಾರೆ.

"ಎಷ್ಟು ಆನೆ ರೈಟ್ರೇ?" ಎಂದು ಕೇಳಿದರು.

"ನಾನು ನೋಡಲಿಲ್ಲ ಸಾರ್. ನೀವೆಲ್ಲ ನೋಡಿದಿರಾ?"

"ನಾವೆಲ್ಲಿಂದ ನೋಡೋದು ಮಾರಾಯ್ರೇ. ಕೂಗಿದ್ದು ನೀವಲ್ವಾ?"

ಎಲ್ಲರೂ ಎಲ್ಲರ ಮುಖ ನೋಡಿದರು. ಹೆಗಲ ಮೇಲಿದ್ದ ಮಗಳು ಬಗ್ಗಿ ನನ್ನ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. "ಮಗು ಎಂಥ ಹೇಳ್ತಾ ಉಂಟು?" ಎಂದು ಸಾವ್ಕಾರ್ರು ಬಿಡದೆ ಕೇಳಿದರು. ಆವತ್ತು ಅವಳ ತಮ್ಮ ಜೊತೆಗಿರಲಿಲ್ಲ, ಅವಳ ವಕೀಲನ ಕೆಲಸ ನನ್ನ ಪಾಲಿಗೆ ಬಂದಿತ್ತು.

"ಆನೆ ನಾನೇ ಅಂತೆ ಸಾರ್" ಅಂದೆ.

ಇಲಾಖೆಯವರು ನಕ್ಕು ಹೊರಟುಹೋದರು. ಸಾವ್ಕಾರ್ರು ಮಾತ್ರ ನಗಲಿಲ್ಲ. ವಿಷಯವೆಲ್ಲ ಕೇಳಿ ಹೇಳಿದರು, "ಜೋರಾಗಿ ಮಾತಾಡೋದನ್ನು ಮಗುವಿಗೆ ಆಮೇಲೆ ಕಲಿಸಿ ರೈಟ್ರೇ. ಮೊದಲು ನೀವು ಮೆಲ್ಲಗೆ ಮಾತಾಡೋದು ಕಲೀರಿ. ಈ ಗಂಟಲಿನ ಮುಂದೆ ಯಾವ ಮಗು ಬಾಯಿ ತೆರೀತದೆ?"

ಸಾವ್ಕಾರ್ರ ಜೀಪು

ಆ ಮಾತು ನನಗೆ ನಾಟಿತು. ಹೆಂಡತಿಗೆ ಹೇಳಿದೆ. ಅವಳು ಇದಕ್ಕೇ ಕಾದಿದ್ದವಳ ಹಾಗೆ ಒಂದು ಷರತ್ತು ಹಾಕಿದಳು. ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಯೇಸುವಿನ ಪಟದ ಮುಂದೆ ಎಲ್ಲರೂ ಮೊಣಕಾಲೂರಿ ಪ್ರಾರ್ಥಿಸುವುದು ವಾಡಿಕೆ. ಅಲ್ಲಿಯವರೆಗೆ ಏನು ಬೇಡಬೇಕೆಂದು ನಾನು ಹೇಳಿಕೊಡುತ್ತಿದ್ದೆ, ಮಕ್ಕಳು ಗಿಣಿಗಳ ಹಾಗೆ ಒಪ್ಪಿಸುತ್ತಿದ್ದರು. ಇನ್ನು ಮೇಲೆ ಯಾರಿಗೆ ಮನಸ್ಸಲ್ಲಿ ಏನಿದೆಯೋ ಅದನ್ನೇ ಬೇಡಬೇಕು, ಅಪ್ಪ ನಡುವೆ ಬಾಯಿ ಹಾಕಿ ತಿದ್ದಬಾರದು. ಇದು ಷರತ್ತು.

ಮೊದಲ ದಿನವೇ ನನಗೆ ಕಷ್ಟವಾಯಿತು. ಮಗ ಕೈ ಮುಗಿದು, "ಯೇಸುವೇ, ನಾಳೆ ಗಣಿತದ ಟೀಚರ್‌ಗೆ ಸಣ್ಣ ಜ್ವರ ಬರಲಿ" ಅಂದ. ನಾನು ಕೆಮ್ಮಿದೆ. ಕೆಮ್ಮಬಾರದು ಅಂತ ಷರತ್ತಿನಲ್ಲಿ ಇರಲಿಲ್ಲ. ಅವನು ಒಂದು ಕಣ್ಣು ತೆರೆದು ನನ್ನನ್ನು ನೋಡಿ ತಿದ್ದಿಕೊಂಡ, "ಜ್ವರ ಬೇಡ, ಟೀಚರ್‌ಗೆ ಮದುವೆ ಆಗಲಿ, ರಜೆ ಹಾಕಲಿ." ಅಮ್ಮಚ್ಚಿ ವಯನಾಡಿನ ಅಷ್ಟೂ ನೆಂಟರಿಗಾಗಿ ಮಲಯಾಳದಲ್ಲಿ ಬೇಡುತ್ತಾ ಹೋದರು, ಒಲೆಯ ಮೇಲಿನ ಗಂಜಿ ಉಕ್ಕಿತು. ಮಗಳ ಸರದಿ ಬಂದಾಗ ಅವಳು ಕೇಳಿಸಿತೋ ಇಲ್ಲವೋ ಅನ್ನುವ ಹಾಗೆ, "ನನ್ನದೂ ಅದೇ" ಅಂದಳು. ದಿನಾ ಅಷ್ಟೇ. ಯಾರು ಏನೇ ಬೇಡಲಿ, ಅವಳದು "ನನ್ನದೂ ಅದೇ".

ನಮ್ಮ ಸಾವ್ಕಾರ್ರಿಗೆ ಒಂದು ಅಭ್ಯಾಸವಿತ್ತು. ಭಾನುವಾರ ಬೆಳಿಗ್ಗೆ ನಾವು ಚರ್ಚಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಜೀಪು ಕಳಿಸುವರು. "ರೈಟ್ರನ್ನು ಒಂದು ನಿಮಿಷ ಬರಲಿಕ್ಕೆ ಹೇಳಿ" ಅಂತ. ಆ ಒಂದು ನಿಮಿಷ ಸಂಜೆಗೆ ಮುಗಿಯುತ್ತಿತ್ತು. ಹೆಂಡತಿ ಮಕ್ಕಳು ನಾನಿಲ್ಲದೆ ಬಸ್ಸು ಹತ್ತುತ್ತಿದ್ದರು.

ಒಂದು ಸಂಜೆ ಪ್ರಾರ್ಥನೆ ನಡೆಯುತ್ತಿತ್ತು. ಮಗನ ಸರದಿ. ಅವನಿಗೆ ಪ್ರಾರ್ಥನೆಯಲ್ಲೂ ನನ್ನದೇ ಗಂಟಲು. "ಯೇಸುವೇ, ಸಾವ್ಕಾರ್ರ ಜೀಪು ಭಾನುವಾರ ಭಾನುವಾರ ಹಾಳಾಗಲಿ. ಬೇರೆ ದಿನ ಸರಿ ಇರಲಿ. ಆಗ ಪಪ್ಪ ನಮ್ಮ ಜೊತೆ ಚರ್ಚಿಗೆ ಬರ್ತಾರೆ."

ಆಗ ನಡೆದದ್ದು ನನಗೆ ಈಗಲೂ ನೆನಪಿದೆ. ಮಗಳು ಮೊದಲ ಸಲ ಎಲ್ಲರಿಗೂ ಕೇಳಿಸುವ ಹಾಗೆ, ಗಟ್ಟಿಯಾಗಿ, "ನನ್ನದೂ ಅದೇ" ಅಂದಳು.

ಖುಷಿಯಿಂದ ಕಣ್ಣು ತೆರೆದು ನೋಡುತ್ತೇನೆ, ಜಗಲಿಯ ಬಾಗಿಲಲ್ಲಿ ಸಾವ್ಕಾರ್ರು. ಏನೋ ಹೇಳಲು ಬಂದವರು ಪ್ರಾರ್ಥನೆ ಕೇಳಿ ಶೂ ಬಿಚ್ಚಿಟ್ಟು, ಟೋಪಿ ಕೈಯಲ್ಲಿ ಹಿಡಿದುಕೊಂಡು, ಎಷ್ಟು ಹೊತ್ತಿನಿಂದಲೋ ನಿಂತಿದ್ದಾರೆ. ನನಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಅವರು ಮಗನ ತಲೆ ಸವರಿ, "ಜೀಪು ಹಾಳಾಗೋದು ಬೇಡ ಮಗಾ, ಪಾಪ ಅದು ಎಂಥ ಮಾಡಿದೆ. ಇನ್ನು ಭಾನುವಾರ ನಿಮ್ಮಪ್ಪನನ್ನು ಕರೆಯೋದಿಲ್ಲ" ಅಂದರು. ಕೆಲವು ವಾರ ಮಾತಿನಂತೆ ನಡೆದುಕೊಂಡರು. ಆಮೇಲೆ ಒಂದು ಭಾನುವಾರ ಅಭ್ಯಾಸಬಲದಿಂದ ಜೀಪು ಕಳಿಸಿದರು. ಅದು ಅವರ ಗೇಟು ದಾಟುವ ಮೊದಲೇ ಕೆಟ್ಟು ನಿಂತಿತು.

ಅಂದಿನಿಂದ ದಾರಿಯಲ್ಲಿ ನನ್ನ ಮಗ ಎದುರಾದರೆ ಮೊದಲು ನಮಸ್ಕಾರ ಮಾಡುವುದು ಸಾವ್ಕಾರ್ರು.

ಜಪಸರದಲ್ಲಿ ಹಾಜರಿ

ಡಿಸೆಂಬರ್ ಬಂದರೆ ಕಾಫಿ ಪಿಕ್ಕಿಂಗ್, ಹಣ್ಣು ಕೊಯ್ಯುವ ಕಾಲ. ಬೆಳಿಗ್ಗೆಯಿಂದ ಗುಡ್ಡ ಹತ್ತಿ ಇಳಿದು ಮನೆಗೆ ಬಂದರೆ ಕಾಲು ಒಂದು ಕಡೆ, ನಾನು ಒಂದು ಕಡೆ. ಆದರೂ ಜಪಸರ ಬಿಡುವ ಹಾಗಿಲ್ಲ. ಮಣಿ ಎಣಿಸುತ್ತಾ ಒಬ್ಬರು ಮುಂದೆ ಹೇಳುವುದು, ಉಳಿದವರು ಹಿಂದೆ ಹೇಳುವುದು. ಮಗಳ ಸರದಿಯನ್ನು ಅವಳ ಪರವಾಗಿ ತಮ್ಮನೇ ಮುಗಿಸುತ್ತಿದ್ದ.

ಆ ದಿನ ಮಗ ತೂಕಡಿಸುತ್ತಿದ್ದ. "ದೇವರ ಮುಂದೆ ನಿದ್ದೆ ಮಾಡ್ತೀಯೇನೋ?" ಎಂದು ಗದರಿದೆ. "ನಿದ್ದೆ ಅಲ್ಲ ಪಪ್ಪಾ, ಭಕ್ತಿ" ಅಂದ. ದೇವರ ಮುಂದೆ ಎಚ್ಚರವಾಗಿರುವುದು ಹೇಗೆಂದು ಅವನಿಗೆ ಚೆನ್ನಾಗಿ ಬುದ್ಧಿ ಹೇಳಿ, ನನ್ನ ಸರದಿ ಶುರು ಮಾಡಿದೆ. ಒಂದೆರಡು ಮಣಿ ನಮೋ ಮರಿಯಾ ಜಪಿಸಿದ್ದು ನೆನಪಿದೆ. ಮುಂದಿನದು ನನಗೆ ಹೆಂಡತಿ ಹೇಳಿ ಗೊತ್ತಾದದ್ದು.

ಮೊಣಕಾಲೂರಿದ ಹಾಗೆಯೇ ನನಗೆ ನಿದ್ದೆ ಹತ್ತಿತಂತೆ. ಕೈಯಲ್ಲಿ ಜಪಸರ, ಬಾಯಲ್ಲಿ ಎಸ್ಟೇಟು. "ಕೆಂಪು ಹಣ್ಣು ಮಾತ್ರ ಕೊಯ್ಯಿ. ಹಸಿರು ಕೊಯ್ದವರನ್ನು ಮನೆಗೆ ಕಳಿಸ್ತೇನೆ" ಎಂದು ಯೇಸುವಿನ ಪಟದ ಕಡೆ ಬೆರಳು ತೋರಿಸಿ ಹೇಳಿದೆನಂತೆ. ಮಗ ನಗು ತಡೆಯಲಾರದೆ ಬಾಯಿಗೆ ಟವೆಲು ತುರುಕಿಕೊಂಡ. ಹೆಂಡತಿ ನನ್ನನ್ನು ಎಬ್ಬಿಸಲು ಕೈ ಚಾಚಿದಳು. ಆಗ ಮಗಳು ಅಮ್ಮನ ಕೈ ಹಿಡಿದು ತಡೆದು, ನನ್ನ ಬೆರಳುಗಳಿಂದ ಮೆಲ್ಲಗೆ ಜಪಸರ ಬಿಡಿಸಿಕೊಂಡು, ನಾನು ನಿಲ್ಲಿಸಿದ ಮಣಿಯಿಂದ ತಾನೇ ಹೇಳಲು ಶುರು ಮಾಡಿದಳು. ಪಿಸುಮಾತಲ್ಲ, ಮಾಮೂಲಿ ದನಿಯಲ್ಲಿ. ನನ್ನ ಸರದಿ ಮುಗಿಸಿ, ತನ್ನದನ್ನೂ ಹೇಳಿ, ಕೊನೆಯ ಆಮೆನ್ ತನಕ ನಡೆಸಿದಳು. ಎಲ್ಲಿ ನಿಲ್ಲಿಸಿಬಿಡುತ್ತಾಳೋ ಅಂತ ಉಳಿದವರು ಮೆಲ್ಲಗೆ ಹಿಂದೆ ಹೇಳಿದರು.

ನನಗೆ ಎಚ್ಚರವಾದಾಗ ಎಲ್ಲರೂ ಊಟಕ್ಕೆ ಕೂತಿದ್ದರು. ವಿಷಯ ತಿಳಿದು ಸಂತೋಷವೂ ಆಯಿತು, ಸಂಕಟವೂ ಆಯಿತು. ಇಷ್ಟು ತಿಂಗಳು ಕಾದದ್ದನ್ನು ನಾನೊಬ್ಬನೇ ಕೇಳಲಿಲ್ಲವಲ್ಲ.

ಹೆಂಡತಿ ಅನ್ನ ಬಡಿಸುತ್ತಾ ಹೇಳಿದಳು, "ಬೇಜಾರು ಮಾಡ್ಕೋಬೇಡಿ. ಇನ್ನೊಂದು ತಿಂಗಳು ಹೀಗೇ ದಿನಾ ನಿದ್ದೆ ಮಾಡಿ. ಮಗಳು ಉದ್ಧಾರ ಆಗ್ತಾಳೆ."

ಹಬ್ಬದ ದಿನ

ಸಿಸ್ಟರ್ ಕೊಟ್ಟ ಪ್ರಾರ್ಥನೆ ಉದ್ದ ಇರಲಿಲ್ಲ. ಲೋಕದ ಎಲ್ಲಾ ನಾಯಕರು ನ್ಯಾಯದಿಂದ ಆಳಲಿ ಅನ್ನುವುದು. ಮಗಳು ಎರಡೇ ದಿನದಲ್ಲಿ ಕಲಿತಳು. ಅವಳಿಗೆ ಬಂದರೂ ನನಗೆ ಸಮಾಧಾನವಿಲ್ಲ. ಕೂತಲ್ಲಿ ನಿಂತಲ್ಲಿ ನಾನೇ ಅದನ್ನು ಹೇಳಿಕೊಳ್ಳುತ್ತಿದ್ದೆ. ಒಂದು ಬೆಳಿಗ್ಗೆ ಹಾಜರಿ ಕೂಗಲು ನಿಂತವನು ಕೆಲಸದವರ ಮುಂದೆ, "ಲೋಕದ ಎಲ್ಲಾ ನಾಯಕರಿಗಾಗಿ" ಎಂದು ಶುರು ಮಾಡಿಬಿಟ್ಟೆ. ಮುಂದಿನ ಸಾಲಿನ ಅಜ್ಜಿ, "ಅವರನ್ನು ಅವರು ನೋಡಿಕೊಳ್ತಾರೆ ರೈಟ್ರೇ, ನಾವು ಯಾವ ಕಡೆ ಹೋಗೋದು ಹೇಳಿ" ಅಂದಳು.

ಹಬ್ಬದ ದಿನ ಬೆಳಿಗ್ಗೆ ಮಗಳು ಅಕ್ಕಿ ರೊಟ್ಟಿ ಚಟ್ನಿ ಹೊಟ್ಟೆ ತುಂಬ ತಿಂದಳು. ನನಗೆ ತುತ್ತು ಇಳಿಯಲಿಲ್ಲ. ಶಾಲೆಯ ಆ ದಿನದ್ದೇ ಕಣ್ಣ ಮುಂದೆ. ಈ ಸಲವೂ ಹಾಗಾದರೆ ಅವಳು ಇನ್ನು ಯಾವತ್ತೂ ಮುಂದೆ ಬರಲಾರಳು, ಮನೆಯಲ್ಲಿ ತೆರೆದ ಬಾಯಿಯೂ ಮುಚ್ಚಿಹೋಗುತ್ತದೆ ಎಂಬ ಭಯ. "ಪ್ರಸಾದ ತಗೊಳ್ಳುವ ಮೊದಲು ಉಪವಾಸ ಇರಬೇಕು" ಎಂದು ಹೆಂಡತಿ ಹತ್ತಿರ ಸುಳ್ಳು ನೆಪ ಹೇಳಿದೆ. "ಒಂದು ಗಂಟೆ ಇದ್ದರೆ ಸಾಕು, ನಮ್ಮ ಪೂಜೆ ಹತ್ತೂವರೆಗೆ" ಅಂದಳು. ಅವಳಿಗೆ ಎಲ್ಲ ಗೊತ್ತಾಗುತ್ತದೆ.

ಚರ್ಚು ತುಂಬಿತ್ತು, ಹೊರಗೂ ಜನ ನಿಂತಿದ್ದರು. ಅಂಗಳದ ಆಚೆ ದೊಡ್ಡ ದೊಡ್ಡ ಪಾತ್ರೆಗಳಲ್ಲಿ ಹಬ್ಬದೂಟ ಬೇಯುತ್ತಿತ್ತು. ಹಂದಿ ಮಾಂಸದ ಪಂದಿಕರಿಯ ಪರಿಮಳ ಕಿಟಕಿಯಿಂದ ಒಳಗೆ ಬಂದು ಧೂಪದ ಜೊತೆ ಸೇರಿಕೊಂಡಿತ್ತು. ವಿಶ್ವಾಸಿಗಳ ಪ್ರಾರ್ಥನೆಗೆ ಎಲ್ಲರೂ ಎದ್ದು ನಿಂತರು. ನಾಲ್ಕು ಮಕ್ಕಳು ಮುಂದೆ ಹೋದರು, ನನ್ನ ಮಗಳು ಕೊನೆಯವಳು. ಗಾಳಿಗೆ ಚೀಟಿಗಳು ಹಾರಿಹೋದಾವೆಂದು ಸಿಸ್ಟರ್ ನಾಲ್ಕೂ ಪ್ರಾರ್ಥನೆಗಳನ್ನು ಒಂದೇ ಹಾಳೆಯಲ್ಲಿ ಬರೆದು ಮೈಕ್ ಹತ್ತಿರ ಅಂಟಿಸಿದ್ದರು.

ಮೊದಲಿನವಳು ಓದಿದಳು, ಎರಡನೆಯವನು ಓದಿದ. ಮೂರನೆಯ ಹುಡುಗನಿಗೆ ಎಲ್ಲಿಲ್ಲದ ಉತ್ಸಾಹ. ತನ್ನದನ್ನು ಓದಿ ಮುಗಿಸಿದವನು ಅಷ್ಟಕ್ಕೇ ನಿಲ್ಲದೆ, ಅದರ ಕೆಳಗಿದ್ದ ನನ್ನ ಮಗಳ ಪ್ರಾರ್ಥನೆಯನ್ನೂ ಒಂದೇ ಉಸಿರಿಗೆ ಓದಿ, ಶಿಲುಬೆ ಗುರುತು ಹಾಕಿಕೊಂಡು ಇಳಿದುಹೋದ. ಜನರೂ ಅದಕ್ಕೆ ಉತ್ತರ ಹೇಳಿಬಿಟ್ಟರು. ಲೋಕದ ನಾಯಕರ ಕೆಲಸ ಮುಗಿದುಹೋಯಿತು.

ಮಗಳು ಮೈಕ್ ಮುಂದೆ ಬಂದು ನಿಂತಳು. ಹಾಳೆ ನೋಡಿದಳು. ಅಲ್ಲಿ ಅವಳಿಗೆ ಏನೂ ಉಳಿದಿರಲಿಲ್ಲ.

ಸಿಸ್ಟರ್ ಕೈ ಬಾಯಿಗೆ ಹೋಯಿತು. ನಾನು ಎದುರಿನ ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಫಾದರ್ ಇನ್ನು ತಾವೇ ಮುಗಿಸೋಣ ಎಂದು ಕೈ ಎತ್ತಿದರು. ಅಷ್ಟರಲ್ಲಿ ಮಗಳು ಕೈ ಮುಗಿದು, ಕಣ್ಣು ಮುಚ್ಚಿ, ಮನೆಯಲ್ಲಿ ಹೇಳುವ ದನಿಯಲ್ಲೇ ಹೇಳಲು ಶುರು ಮಾಡಿದಳು.

"ಹೊರಗೆ ಅಂಕಲ್‌ಗಳು ಬೆಳಿಗ್ಗೆಯಿಂದ ಪಂದಿಕರಿ ಬೇಯಿಸ್ತಿದ್ದಾರೆ. ಅವರಿಗೆ ಪೂಜೆಗೆ ಒಳಗೆ ಬರೋಕೆ ಆಗಲಿಲ್ಲ. ಅವರನ್ನು ಆಶೀರ್ವದಿಸಿ. ಅವರು ಮಾಡಿದ್ದು ಎಲ್ಲರಿಗೂ ಸಾಕಾಗಲಿ, ಕೊನೆಗೆ ಬಂದವರಿಗೆ ಬರೀ ಸಾರು ಆಗಬಾರದು ಎಂದು ಪ್ರಾರ್ಥಿಸೋಣ."

ಆಮೇಲೆ "ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿರಿ" ಎಂದು ಇಡೀ ಚರ್ಚು ಒಕ್ಕೊರಲಿನಿಂದ ಹೇಳಿತು. ಲೋಕದ ನಾಯಕರಿಗೆ ಅಷ್ಟು ಜೋರು ಬಂದಿರಲಿಲ್ಲ. ನಾನು ಬೆಂಚು ಬಿಟ್ಟು ಉಸಿರು ಬಿಟ್ಟೆ. ಫಾದರ್ ನಗು ನುಂಗಿಕೊಂಡು ಮತ್ತೆ ಕೈ ಎತ್ತಿದರು.

"ಇನ್ನೂ ಒಂದಿದೆ ಫಾದರ್" ಅಂದಳು ನನ್ನ ಮಗಳು.

ಫಾದರ್ ಕೈ ಇಳಿಸಿದರು.

"ನಮ್ಮ ಪಪ್ಪ ಅಲ್ಲಿ ಮೂರನೇ ಬೆಂಚಿನಲ್ಲಿ ನಿಂತಿದ್ದಾರೆ. ನನಗೆ ಧೈರ್ಯ ಹೇಳಿ ಹೇಳಿ ಅವರಿಗೇ ಹೆದರಿಕೆ ಆಗಿದೆ. ಉಪವಾಸ ಅಂತ ಅಮ್ಮನ ಹತ್ರ ಹೇಳಿದ್ರು, ಉಪವಾಸ ಅಲ್ಲ. ಹೆದರಿ ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಅವರ ಹೆದರಿಕೆ ಹೋಗಲಿ ಎಂದು ಪ್ರಾರ್ಥಿಸೋಣ."

ಇಡೀ ಚರ್ಚು ನನ್ನ ಕಡೆ ತಿರುಗಿ, ನನ್ನನ್ನೇ ನೋಡುತ್ತಾ, ನನಗಾಗಿ ಪ್ರಾರ್ಥಿಸಿತು. ಎರಡು ಗುಡ್ಡಕ್ಕೆ ಕೇಳಿಸುವ ಗಂಟಲಿನವನಿಗೆ ಆಗ ಒಂದಕ್ಷರ ಹೊರಡಲಿಲ್ಲ. ಕಣ್ಣಲ್ಲಿ ನೀರು ತುಂಬಿ ಮಗಳೂ ಸರಿಯಾಗಿ ಕಾಣಲಿಲ್ಲ. ಹೆಂಡತಿ ಮೊಣಕೈಯಲ್ಲಿ ತಿವಿದು, "ನೀವೂ ಹೇಳಿ, ಬೇಡ್ತಿರೋದು ನಿಮಗಾಗಿಯೇ" ಅಂದಳು.

ಪೂಜೆ ಮುಗಿದು ಹೊರಗೆ ಬಂದರೆ ಕಂಡವರೆಲ್ಲ ಕೇಳುವುದು ಒಂದೇ, "ಹೆದರಿಕೆ ಹೋಯ್ತಾ ರೈಟ್ರೇ?" ಮಗಳು ನನ್ನ ಕೈ ಹಿಡಿದು ನಡೆಸುತ್ತಾ, ಎಲ್ಲರಿಗೂ ಅವಳೇ ಉತ್ತರ ಕೊಟ್ಟಳು, "ಸ್ವಲ್ಪ ಹೋಗಿದೆ." ಊಟದ ಸಾಲಿನಲ್ಲಿ ತಲೆ ತಗ್ಗಿಸಿ ತಟ್ಟೆ ಚಾಚಿದೆ. ಚರ್ಚಿನ ಮೈಕು ಅಡುಗೆಯವರಿಗೂ ಕೇಳುತ್ತದೆ ಅನ್ನುವುದು ನನಗೆ ಹೊಳೆದಿರಲಿಲ್ಲ.

ದೊಡ್ಡ ಪಾತ್ರೆಯ ಹಿಂದೆ ನಿಂತಿದ್ದ ಅಡುಗೆಯವರು ನನ್ನ ಮುಖ ನೋಡಿ, ಬಡಿಸುವವನಿಗೆ ಅಂಗಳಕ್ಕೆಲ್ಲ ಕೇಳಿಸುವ ಹಾಗೆ ಹೇಳಿದರು, "ಇವರಿಗೆ ಎರಡು ತುಂಡು ಜಾಸ್ತಿ ಹಾಕು ಮಾರಾಯ. ಹೆದರಿದವರು, ಬೆಳಿಗ್ಗೆಯಿಂದ ಏನೂ ತಿಂದಿಲ್ಲವಂತೆ."